ಸೀಬಾಸ್ ಮರಿಯಲ್ಲಿ ಹೆಣ್ಣು ಹುಡುಕಬೇಡಿ

ಪ್ರಶ್ನೆ: ಕೊಳಕ್ಕೆ ತಂದ ಏಷ್ಯನ್ ಸೀಬಾಸ್ ಮೀನಿನ ಮರಿಗಳು ಕಂದು ಬಣ್ಣಕ್ಕಿವೆ, ತಲೆಯ ಮೇಲೆ ಬಿಳಿ ಪಟ್ಟಿ ಇದೆ. ರೋಗವೇ?

ಉತ್ತರ: ಅಲ್ಲ. ಮರಿ ಇರುವುದೇ ಹಾಗೆ, ಬೆಳೆದಂತೆ ಬೆಳ್ಳಿ ಬಣ್ಣ ಬರುತ್ತದೆ. ಔಷಧಿ ಸುರಿಯಬೇಡಿ.

ಪ್ರಶ್ನೆ: ಸೀಬಾಸ್‌ನಲ್ಲಿ ದೊಡ್ಡ ಮೀನೆಲ್ಲ ಹೆಣ್ಣಂತೆ. ಬೇಗ ಬೆಳೆಯುವ ಹೆಣ್ಣು ಮರಿಗಳನ್ನೇ ಆರಿಸಿ ಕೊಡುತ್ತೇವೆ ಎಂದು ಒಬ್ಬರು ಜಾಸ್ತಿ ದುಡ್ಡು ಕೇಳುತ್ತಿದ್ದಾರೆ. ತರಿಸಲೇ? ಹೋದ ಸಲ ಒಂದೇ ದಿನ ಬಿಟ್ಟ ಮರಿಗಳಲ್ಲಿ ಕೆಲವು ಬೆರಳುದ್ದ, ಕೆಲವು ಗೇಣುದ್ದ ಆಗಿದ್ದವು. ಎಷ್ಟೋ ಕಾಣೆಯೇ ಆದವು.

ಉತ್ತರ: ಬೇಡ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಅದೂ ಹೆಚ್ಚಿನವರು ದುಡ್ಡು ಕೊಟ್ಟ ಮೇಲೆಯೇ ಕೇಳುತ್ತಾರೆ.

ದೊಡ್ಡ ಮೀನು ಸಾಮಾನ್ಯವಾಗಿ ಹೆಣ್ಣು, ನಿಜ. ಆದರೆ ಅದು ದೊಡ್ಡದಾದ ಮೇಲೆ ಹೆಣ್ಣಾಗಿದ್ದು. ಈ ಜಾತಿಯ ಬಹುತೇಕ ಮೀನುಗಳು ಮೂರು-ನಾಲ್ಕು ವರ್ಷಕ್ಕೆ ಗಂಡಾಗಿ ಬಲಿಯುತ್ತವೆ. ಆಮೇಲೆ ಆರರಿಂದ ಎಂಟು ವರ್ಷದ ಹೊತ್ತಿಗೆ, ಉದ್ದ 80 ಸೆಂ.ಮೀ. ದಾಟುವ ಆಸುಪಾಸಿನಲ್ಲಿ, ಹೆಣ್ಣಾಗಿ ಬದಲಾಗುತ್ತವೆ. ನೀವೋ ಒಂದು ಕಿಲೋ ತೂಗುತ್ತಲೇ ಹಿಡಿದು ಮಾರುವವರು. ಅಷ್ಟರಲ್ಲಿ ಅದು ಸರಿಯಾಗಿ ಗಂಡೂ ಆಗಿರುವುದಿಲ್ಲ! ಇಂಚುದ್ದದ ಮರಿಯಲ್ಲಿ ಹೆಣ್ಣನ್ನು ಆ ಪುಣ್ಯಾತ್ಮರು ಯಾವ ಕಣ್ಣಿನಿಂದ ಆರಿಸಿದರೋ.

ಇನ್ನು ಕಾಣೆಯಾದ ಮರಿಗಳು. ಕಳ್ಳ ಕೊಳದಲ್ಲೇ ಇದ್ದಾನೆ. ಈ ಮೀನಿನ ಬಾಯಿ ನೋಡಿ, ಮೇಲ್ದವಡೆ ಕಣ್ಣಿನ ಹಿಂದಿನವರೆಗೂ ಹೋಗಿರುತ್ತದೆ. ತನ್ನ ಉದ್ದದ ಮೂರರಲ್ಲಿ ಎರಡು ಭಾಗದಷ್ಟಿರುವ ಜೊತೆಯ ಮರಿಯನ್ನೂ ನುಂಗಬಲ್ಲದು. ಅಂದರೆ 9 ಸೆಂ.ಮೀ. ಮರಿಗೆ 6 ಸೆಂ.ಮೀ. ಮರಿ ಊಟ. ಮೊದಲು ಸ್ವಲ್ಪವೇ ಮುಂದಿದ್ದದ್ದು ಒಡಹುಟ್ಟಿದವನ್ನು ತಿಂದು ಇನ್ನೂ ಮುಂದೆ ಹೋಗುತ್ತದೆ. ಹೊಟ್ಟೆಗೆ ಸಾಲದಿದ್ದರೆ ಇದು ಹೆಚ್ಚಾಗುತ್ತದೆ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆಯಾದರೂ ಗ್ರೇಡಿಂಗ್ ಮಾಡಿ, ಅಂದರೆ ಗಾತ್ರ ನೋಡಿ ವಿಂಗಡಿಸಿ, ದೊಡ್ಡವನ್ನು ಬೇರೆ ಹಾಕಿ. ಬೇಸರದ ಕೆಲಸ, ಒಪ್ಪುತ್ತೇನೆ. ಬೇರೆ ದಾರಿ ಇಲ್ಲ.

ಬೆಳಗಿನ ತಂಪಿನಲ್ಲೇ ಮಾಡಿ, ಬಿಸಿಲೇರಿದ ಮೇಲೆ ಮುಟ್ಟಬೇಡಿ. ಮೀನು ದೊಡ್ಡದಾದಂತೆ ಕೈಗವಸು ಕಡ್ಡಾಯ. ಕೆನ್ನೆಯ ಮೂಳೆಯ ಅಂಚು ಗರಗಸದ ಹಾಗಿರುತ್ತದೆ, ಕಿವಿರಿನ ಮುಚ್ಚಳದಲ್ಲಿ ಮುಳ್ಳೂ ಇದೆ. ‘ನಮಗೆ ಅಭ್ಯಾಸ ಇದೆ’ ಎನ್ನುವವರ ಕೈಯನ್ನೇ ಇದು ಹೆಚ್ಚಾಗಿ ಕೊಯ್ಯುವುದು.

ಆ ಮಾರಾಟಗಾರರೇ ‘ಹೆಣ್ಣಾಗಿಸುವ ಪುಡಿ’ಯನ್ನೂ ಕೊಡುತ್ತಾರಂತೆ. ತಿನ್ನುವ ಮೀನಿಗೆ ಗೊತ್ತಿಲ್ಲದ ಪುಡಿ ಹಾಕುವವರ ಜೊತೆ ನಾನು ವಾದ ಮಾಡುವುದಿಲ್ಲ.

ಪ್ರಶ್ನೆ: ಕತ್ತಲಲ್ಲಿ ಕಣ್ಣು ಕೆಂಪಗೆ ಹೊಳೆಯುತ್ತದೆ. ವಿಷದ ಮೀನೇ?

ಉತ್ತರ: ಬೆಳಕು ಬಿದ್ದರೆ ಹೊಳೆಯುತ್ತದೆ, ಅಷ್ಟೇ.

ಪ್ರಶ್ನೆ: ಸಿಹಿನೀರಿನ ಕೊಳದಲ್ಲಿ ಬೆಳೆಯುತ್ತದೆಯೇ? ಅಲ್ಲೇ ಮರಿ ಮಾಡಿಸಬಹುದೇ?

ಉತ್ತರ: ಬೆಳೆಯುತ್ತದೆ. ಮರಿ ಮಾಡುವುದಿಲ್ಲ, ಮೊಟ್ಟೆಗೆ ಉಪ್ಪುನೀರು ಬೇಕು.

ಪ್ರಶ್ನೆ: ಇದು 60 ಕಿಲೋವರೆಗೆ ತೂಗುತ್ತದಂತೆ. ನಮ್ಮವು ಯಾವಾಗ ಅಷ್ಟಾಗುತ್ತವೆ?

ಉತ್ತರ: ಅದು ಸಮುದ್ರದಲ್ಲಿ ವರ್ಷಗಟ್ಟಲೆ ಬದುಕಿದ ಮೀನಿನ ತೂಕ. ನೀವು ಮೊದಲು ಒಂದು ಕಿಲೋದ ಲೆಕ್ಕ ಹಾಕಿ.