ಹಮಾಮಾತ್ಸುಗೆ ಬರೋ ತಮ್ಮಗ: ಫೆಬ್ರವರಿ ಚಾಕಲೇಟು, ಮಾರ್ಚ್ ಬಾಕಿ

ತಮ್ಮಾ, ಬೆಳಗಾವಿ ಉದ್ಯಮಬಾಗದಿಂದ ಸೀದಾ ಜಪಾನಿನ ಹಮಾಮಾತ್ಸುಗೆ ಬರಾಕತ್ತೀದಿ ಅಂತ ಕೇಳಿ ಭಾಳ ಖುಷಿ ಆತು. ನೀ ಕೇಳಿದ್ದು ಹಿಂಗ: "ಅಣ್ಣಾ, ಫೆಬ್ರವರಿ 14ಕ್ಕ ಆಫೀಸಿನ ಹೆಣ್ಮಕ್ಕಳು ಚಾಕಲೇಟ್ ಕೊಡ್ತಾರಂತ. ತಗೋಬೇಕೋ ಬ್ಯಾಡೋ? ಏನಂತ ಮಾತಾಡಬೇಕು? ಮನಿಯಾಕೀಗೆ ಏನ್ ಹೇಳಲಿ?" ತಗೋ. ಮನೀಗೆ ಒಯ್ದು ಇಬ್ರೂ ಕೂಡಿ ತಿನ್ರಿ. ನಾ ಬಂದ ಹೊಸದಾಗಿ ಇದನ್ನ ಬಿಡಿಸಿ ಹೇಳಾವ್ರು ಯಾರೂ ಇರಲಿಲ್ಲ, ಅದಕ್ಕ ನಿನಗ ಉದ್ದ ಬರೀತೀನಿ.

ಜಪಾನಿನ್ಯಾಗ ಫೆಬ್ರವರಿ 14ರ ಈ ಪ್ರೇಮಿಗಳ ದಿನದ (ವ್ಯಾಲೆಂಟೈನ್ಸ್ ಡೇ) ಹಬ್ಬ ಹುಟ್ಟಿಸಿದವ್ರೇ ವ್ಯಾಪಾರಸ್ಥರು. 1936ರಾಗ ಕೋಬೆ ಊರಿನ ಮೊರೊಝೋಫ್ ಚಾಕಲೇಟ್ ಕಂಪನಿ ಒಂದು ಇಂಗ್ಲಿಷ್ ಪತ್ರಿಕೆಯೊಳಗ ಜಾಹೀರಾತು ಕೊಡ್ತು. 1958ರಾಗ ಟೋಕಿಯೋದ ಒಂದು ದೊಡ್ಡ ಅಂಗಡ್ಯಾಗ ಮಾರಾಟ ಇಟ್ರ ಕೊಂಡವ್ರು ಬೆರಳೆಣಿಕಿ ಮಂದಿ. ಮುಂದ 1970ರ ದಶಕದಾಗ ಹೆಣ್ಮಕ್ಕಳು ಗಂಡಸರಿಗೆ ಕೊಡೋದು ಅನ್ನೋ ರೂಢಿ ಗಟ್ಟಿ ಆತು. ಮನಸಿಟ್ಟು ಕೊಡೋದಕ್ಕ ಹೊನ್‌ಮೇ ಅಂತಾರ, ಆಫೀಸಿನ ಮರ್ಯಾದಿಗೆ ಕೊಡೋದಕ್ಕ ಗಿರಿ, ಗೆಳತ್ಯಾರು ತಮ್ಮತಮ್ಮೊಳಗ ಹಂಚ್ಕೊಳ್ಳೋದಕ್ಕ ತೊಮೊ. ನಿನಗ ಬರೋದು ಗಿರಿ. ಅದರ ಗುರ್ತ ಏನಂದ್ರ, ವಿಭಾಗದ ಎಲ್ಲಾ ಗಂಡಸರ ಟೇಬಲ್ ಮ್ಯಾಲ ಅಂಥಾದ್ದೇ ಪುಟ್ಟ ಡಬ್ಬಿ ಇರ್ತೈತಿ, 200ರಿಂದ 500 ಯೆನ್ ಒಳಗಿಂದು. ಒಬ್ಬಾಕಿ ನಿನ್ನೊಬ್ಬಗ ಮಾತ್ರ, ಪತ್ರ ಇಟ್ಟು, ಯಾರೂ ಇಲ್ಲದಾಗ ಕೊಟ್ಟಳಂದ್ರ ಅದು ಬ್ಯಾರೆ ಮಾತು. ಮದುವಿ ಆಗೇತಿ ಅಂತ ಮೊದಲನೇ ವಾರದಾಗ ಎಲ್ಲಾರಿಗೂ ತಿಳಿಸಿಬಿಡು, ಆ ಪ್ರಸಂಗ ಬರೂದಿಲ್ಲ.

ಕೊಡಾವ್ರು "ಇತ್ಸುಮೋ ಒಸೆವಾ ನಿ ನಾತ್ತೆ ಇಮಾಸು" ಅಂತಾರ, ಯಾವಾಗಲೂ ನಿಮ್ಮ ಸಹಾಯ ಇರ್ತೈತಿ ಅಂತ. ನೀ ಎರಡೂ ಕೈಲೆ ತಗೊಂಡು, ತಲಿ ಸ್ವಲ್ಪ ಬಗ್ಗಿಸಿ, "ಆರಿಗಾತೋ ಗೊಝಾಯ್ಮಾಸು" ಅನ್ನು. ಅವರ ಮುಂದ ಕಾಗದ ಹರೀಬ್ಯಾಡ. ಅವತ್ತ ಸಂಜಿಗೆ ಯಾರು ಕೊಟ್ರು, ಅಂದಾಜು ಎಷ್ಟಿಂದು ಅಂತ ಬರ್ದಿಡು. ಕೆಲವು ಆಫೀಸಿನ್ಯಾಗ ಈ ಪದ್ಧತಿನೇ ಬಂದ್ ಮಾಡ್ಯಾರ. 2018ರಾಗ ಗೊಡೈವಾ ಚಾಕಲೇಟ್ ಕಂಪನೀನೇ "ಗಿರಿ ಚಾಕಲೇಟ್ ಬಿಡೋಣ" ಅಂತ ಪೇಪರಿನ ತುಂಬ ಜಾಹೀರಾತು ಹಾಕಿತ್ತು. ನಿಮ್ಮಲ್ಲಿ ಹೆಂಗ ಅಂತ ಜನವರ್ಯಾಗ ಸೋಮು ವಿಭಾಗದವ್ರನ್ನ, ಅಂದ್ರ ಕಂಪನಿಯ ಸಾಮಾನ್ಯ ಆಡಳಿತ ನೋಡಾವ್ರನ್ನ, ಕೇಳ್ಕೋ.

ಈಗ ಮುಖ್ಯ ಮಾತು. ತಗೊಂಡದ್ದು ಮಾರ್ಚ್ 14ಕ್ಕ ತಿರುಗಿಸಬೇಕು. ಅದಕ್ಕ ವೈಟ್ ಡೇ ಅಂತಾರ. 1970ರ ದಶಕದ ಕೊನೀಗೆ ಮಿಠಾಯಿಯವ್ರೇ ಕಟ್ಟಿದ ದಿನ. ಮೂರು ಪಟ್ಟು ತಿರುಗಿಸಬೇಕು ಅನ್ನೋ ಹಳೀ ಮಾತು ಐತಿ, ಗಿರಿಗೆ ಅದನ್ನ ನಂಬಬ್ಯಾಡ. 300 ಯೆನ್ನಿಂದು ಬಂದ್ರ 300ರಿಂದ 500ರೊಳಗಿಂದು ಕೊಡು. ದುಬಾರಿ ಕೊಟ್ಟಿ ಅಂದ್ರ ಅವರ ಮ್ಯಾಲ ಮತ್ತ ಭಾರ ಬೀಳ್ತೈತಿ, ಇಲ್ಲದ ಅರ್ಥಾನೂ ಹುಟ್ಟತೈತಿ. ನಾಕು ಮಂದಿ ಕೂಡಿ ಒಂದು ಡಬ್ಬಿ ಕೊಟ್ಟಿದ್ರ, ಬಿಡಿಬಿಡಿಯಾಗಿ ಸುತ್ತಿದ ಬಿಸ್ಕೀಟಿನ ಒಂದು ಡಬ್ಬಿ ಸಾಕು. ಕೊಡುವಾಗ "ಬಾರೆಂತೈನ್ ನೊ ಒಕಾಏಶಿ ದೆಸು" ಅನ್ನು, ವ್ಯಾಲೆಂಟೈನ್ ದಿನದ್ದಕ್ಕ ತಿರುಗಿ ಕೊಡೋದು ಇದು ಅಂತ. ಸ್ಟೇಷನ್ ಪಕ್ಕದ ಎನ್‌ತೆತ್ಸು ಅಂಗಡಿ ನೆಲಮಾಳಿಗ್ಯಾಗ ಎಲ್ಲಾ ಸಿಗ್ತೈತಿ. ಮಾರ್ಷ್‌ಮ್ಯಾಲೋ ಮಾತ್ರ ಬ್ಯಾಡ, "ನೀ ನನಗ ಸೇರೂದಿಲ್ಲ" ಅಂತ ಭಾಳ ಮಂದಿ ತಿಳ್ಕೋತಾರ.

ತಾರೀಖ ತಪ್ಪಿಸಬ್ಯಾಡ. ಅಧಿಕ ವರ್ಷ ಬಿಟ್ರ ಎರಡೂ 14ಕ್ಕ ವಾರ ಒಂದೇ ಬರ್ತೈತಿ. 2027ರಾಗ ಎರಡೂ ರವಿವಾರ, ಅಂದ್ರ ಹಿಂದಿನ ಶುಕ್ರವಾರ ಕೊಡು. "ಮುಂದಿನ ತಿಂಗಳ ನೋಡೂಣು" ಅಂದ್ರ ಕೆಟ್ಟಿ. ಇಲ್ಲಿ ಲೆಕ್ಕದ ವರ್ಷ ಮಾರ್ಚ್ 31ಕ್ಕ ಮುಗೀತೈತಿ. ವರ್ಗಾವಣಿ ಆಗೋದು, ಏಜೆನ್ಸಿ ಮೂಲಕ ಬಂದವ್ರ ಕರಾರು ಮುಗಿಯೋದು, ಎಲ್ಲಾ ಆಗಲೇ. ಏಪ್ರಿಲ್ 1ಕ್ಕ ನೀ ಡಬ್ಬಿ ಹಿಡ್ಕೊಂಡು ಹೋದ್ರ ಆ ಕುರ್ಚ್ಯಾಗ ಬ್ಯಾರೇದವ್ರು ಕುಂತಿರ್ತಾರ.

ನಮ್ಮ ಕಡೆ ಮದುವ್ಯಾಗ ಆಯೇರ ಬರ್ದಿಡೋ ವಹಿ ನಿನಗ ಗೊತ್ತೇ ಐತಿ. ಲೆಕ್ಕ ಇಡೋದ್ರಾಗ ಇವರೂ ನಾವೂ ಒಂದೇ. ಆದ್ರ ನಮ್ಮ ವಹ್ಯಾಗ ಬಾಕಿ ಹತ್ತು ವರ್ಷ ಹಂಗೇ ಇರ್ತೈತಿ, ಅವರ ಮಗಳ ಮದುವಿ ಬರೂತನ. ಆ ಬಾಕಿ ನೆವದಿಂದನೇ ಹೋಗೂದು ಬರೂದು ನಡೀತೈತಿ. ಇಲ್ಲಿ 28 ದಿನಕ್ಕ ಲೆಕ್ಕ ಚುಕ್ತಾ. ಯಾರೂ ಯಾರಿಗೂ ಋಣಿ ಆಗಿ ಉಳಿಯೂದಿಲ್ಲ, ಹಂಗಾಗಿ ಯಾರ ಮನೀ ಬಾಗಲಾನೂ ಸುಮ್ನ ತಟ್ಟಾಕ ಬರೂದಿಲ್ಲ. ಇಷ್ಟು ವರ್ಷ ಆದ್ರೂ ಇದಕ್ಕ ನನ್ನ ಮನಸು ಒಗ್ಗಿಲ್ಲ. ನೀ ಇದನ್ನ ಗೆಳೆತನ ಅಂತ ತಿಳ್ಕೊಂಡು ಮುಂದ ಹೋಗಬ್ಯಾಡ, ಅವಮಾನ ಅಂತಾನೂ ತಿಳ್ಕೋಬ್ಯಾಡ.

ನೀವು ಮೊಟ್ಟಿ ಸೈತ ತಿನ್ನದವ್ರು, ಅದಕ್ಕ ಡಬ್ಬಿ ಹಿಂದಿನ ಚೀಟಿ ಓದಾಕ ಕಲೀರಿ. ಝೆರಾಚಿನ್ ಅಂತ ಕಟಕಾನಾ ಅನ್ನೋ ಜಪಾನಿ ಲಿಪಿಯೊಳಗ ನಾಕು ಅಕ್ಷರ ಇದ್ರ ಜೆಲಾಟಿನ್, ಬಹಳ ಸಲ ಹಂದೀದು. ಮೊಟ್ಟಿಗೆ ತಮಾಗೊ, ಕಾಂಜಿ ಅನ್ನೋ ಚೀನಾ ಮೂಲದ ಲಿಪಿಯ ಒಂದೇ ಅಕ್ಷರ. ಯೋಶು ಅಂತ ಎರಡು ಅಕ್ಷರ ಕಂಡ್ರ ಒಳಗ ಮದ್ಯ ಐತಿ. ನಾಕೂ ಚಿತ್ರ ಫೋನಿನ್ಯಾಗ ಇಟ್ಕೋರಿ, ನಾಕನೇದು ಹಂದಿ ಮಾಂಸದ ಅಕ್ಷರ. ಮತ್ತ, ಈ ಊರಿನ ಹೆಸರುವಾಸಿ ಉನಾಗಿ ಪಾಯ್ ಬಿಸ್ಕೀಟು ವರ್ಷ ಪೂರ್ತಿ ಎಲ್ಲಾರೂ ಕೊಡ್ತಾರ. ಅದರಾಗ ಹಾವುಮೀನಿನ ಪುಡಿ ಐತಿ. ಕೊಟ್ರ ತಗೋ, ಪಕ್ಕದವ್ರಿಗೆ ದಾಟಿಸು.

ನಿನ್ನ ಮನಿಯಾಕಿ ಮನ್ಯಾಗ ಚಾಕಲೇಟ್ ಮಾಡ್ತೀನಿ ಅಂದ್ರ ನಾಮಾ ಚೋಕೊ, ಅಂದ್ರ ಕೆನಿ ಹಾಕಿದ ಮೆತ್ತನ್ನ ಚಾಕಲೇಟ್, ಹಗೂರ. 50 ಗ್ರಾಮಿನ ಪಟ್ಟಿ ನಾಕು ಸಣ್ಣಗ ಹೆಚ್ಚಬೇಕು. ಹಾಲಿನ ಕೆನಿ 100 ಮಿಲಿ, ಅಂಚಿಗೆ ಗುಳ್ಳಿ ಬಂದ ಕೂಡ್ಲೇ ಇಳಸಬೇಕು. ಕುದಿಸಿದ್ರ ಎಣ್ಣಿ ಬಿಡ್ತೈತಿ. ಚಾಕಲೇಟ್ ಮ್ಯಾಲ ಸುರುವಿ ಒಂದು ನಿಮಿಷ ಬಿಟ್ಟು ನಡುವಿನಿಂದ ನಿಧಾನಕ ತಿರುವಬೇಕು. ಪಾತ್ರ್ಯಾಗ ನೀರಿನ ಪಸಿ ಇರಬಾರದು. ಎಣ್ಣಿ ಬಿಟ್ರ ಒಂದು ಚಮಚ ಉಗುರುಬೆಚ್ಚಗಿನ ಹಾಲು ಹಾಕಿ ತಿರುವಿದ್ರ ಬಹಳ ಸಲ ಕೂಡ್ತೈತಿ. ಕಾಗದ ಹಾಸಿದ ಡಬ್ಬ್ಯಾಗ ಹಾಕಿ ಮೂರು ತಾಸು ಫ್ರಿಜ್‌ನ್ಯಾಗ ಇಟ್ಟು, ಬಿಸಿ ನೀರಾಗ ಅದ್ದಿ ಒರಸಿದ ಚಾಕುಲೆ ಕೊಯ್ದು ಕೋಕೋ ಪುಡಿ ಉದುರಿಸಬೇಕು. ಬಿಳಿ ಚಾಕಲೇಟ್ ಆದ್ರ ಕೆನಿ 65 ಮಿಲಿ ಸಾಕು. ಇದು ಮನೀಗೆ ಮಾತ್ರ, ಫ್ರಿಜ್ ಬಿಟ್ರ ತಡಿಯೂದಿಲ್ಲ.

ನೀ ಆಕಿಗೆ ಹೂವು ತರೋದಾದ್ರ ಸೂಪರ್ ಮಾರ್ಕೆಟ್ಟಿನ ಬಾಗಲದಾಗ ಕಡಿಮಿ ಬೆಲಿಗೆ ಇಟ್ಟ ಕಟ್ಟು ಮುಟ್ಟಬ್ಯಾಡ. ಅದರಾಗಿನ ಶ್ಯಾವಂತಿಗಿ ನೋಡಿ ನಿನಗ ಗಣಪತಿ ಬಜಾರ ನೆನಪಾಗ್ತೈತಿ, ಇಲ್ಲಿ ಆ ಕಟ್ಟು ತೀರಿಕೊಂಡವ್ರ ಪೂಜಾಕ್ಕ. ಹೂವಿನ ಅಂಗಡಿಗೆ ಹೋಗಿ "ತ್ಸುಮಾ ನಿ" ಅಂದ್ರ ಹೆಂಡತಿಗೆ ಅಂತ ತಿಳಿದು ಕಟ್ಟಿ ಕೊಡ್ತಾರ. ಗಂಡ ಹೆಂಡತಿ ಹೊರಗ ಊಟಕ್ಕ ಹೋಗೋ ದಿನ ಬೇಕಂದ್ರ ಡಿಸೆಂಬರ್ 24, ಜೋಡಿಗಳ ರಾತ್ರಿ ಇಲ್ಲಿ ಅದು. ನವೆಂಬರ್‌ದಾಗೇ ಟೇಬಲ್ ಹೇಳಿಡು.

ನಿನ್ನ ಕಾರ್ಖಾನ್ಯಾಗ ಜಪಾನಿಯವ್ರಷ್ಟೇ ಇರೂದಿಲ್ಲ. ಹಮಾಮಾತ್ಸುನ್ಯಾಗ ಇರೋವಷ್ಟು ಬ್ರೆಜಿಲ್ ಮಂದಿ ಜಪಾನಿನ ಬ್ಯಾರೆ ಯಾವ ಊರಾಗೂ ಇಲ್ಲ. ಅವರ ಪ್ರೇಮಿಗಳ ದಿನ ಜೂನ್ 12, ಸಂತ ಅಂತೋನಿ ಹಬ್ಬದ ಹಿಂದಿನ ದಿನ. ಮದುವಿ ಆದವ್ರೂ ಮಾಡ್ತಾರ. "ಫೆಲಿಜ್ ಜಿಯಾ ದೊಸ್ ನಮೊರಾದೊಸ್" ಅನ್ನು, ಬೆನ್ನು ತಟ್ಟಿ ನಗ್ತಾರ, ತಿರುಗಿ ಏನೂ ಕೇಳೂದಿಲ್ಲ. ವಿಯೆಟ್ನಾಂ ಹುಡಿಗ್ಯಾರಿಗೆ ಮಾರ್ಚ್ 8 ಮತ್ತ ಅಕ್ಟೋಬರ್ 20 ದೊಡ್ಡ ದಿನ, "ಚುಕ್ ಮುಂಗ್" ಅಂದ್ರ ಸಾಕು. ಕೊರಿಯಾದವ್ರದು ಜಪಾನಿನ ಹಂಗೇ, ಮ್ಯಾಲ ಏಪ್ರಿಲ್ 14ಕ್ಕ ಜೋಡಿ ಇಲ್ಲದವ್ರು ಕರೀ ಶಾವಿಗಿ ತಿಂತಾರ.

ಬಾಡಿಗಿ, ಬ್ಯಾಂಕು ಎಲ್ಲಾ ಕಂಪನಿ ನೋಡ್ತೈತಿ. ಚಳಿಗಿಂತ ಗಾಳಿ ಜೋರ, ಕಿವಿ ಮುಚ್ಚೋ ಟೊಪಗಿ ತಾ. ಮತ್ತ ಗೋಕಾಕ ಕರದಂಟು ಎರಡು ಕಿಲೋ ತಾ. ಮಾರ್ಚಿಗೆ ಸಣ್ಣ ತುಂಡು ಮಾಡಿ ಒಂದೊಂದಾಗಿ ಸುತ್ತಿ, ಗೋಡಂಬಿ ಬದಾಮಿ ಐತಿ ಅಂತ ಜಪಾನಿಯೊಳಗ ಚೀಟಿ ಹಚ್ಚಿ ಕೊಡು; ಅಲರ್ಜಿ ಇದ್ದಾವ್ರು ಕೇಳೇ ಕೇಳ್ತಾರ. ಅಂಗಡಿ ಬಿಸ್ಕೀಟು ಕೊಟ್ಟವ್ರ ಹೆಸರು ಮರೀತಾರ, ಕರದಂಟು ಕೊಟ್ಟವ್ರದು ಮರಿಯೂದಿಲ್ಲ. ನನಗೂ ಒಂದು ಅರ್ಧ ಕಿಲೋ ಬ್ಯಾರೆ ಕಟ್ಟಿಸು, ದುಡ್ಡು ಇಲ್ಲಿ ಬಂದ ಮ್ಯಾಲ ಕೊಡ್ತೀನಿ.