ಡಾರ್ಜಿಲಿಂಗ್ ಚಹಾ ಸಪ್ಪೆಯೇಕೆ?

ಪ್ರಶ್ನೆ: ದುಬಾರಿ ಡಾರ್ಜಿಲಿಂಗ್ ಫಸ್ಟ್ ಫ್ಲಶ್ ಚಹಾ ತರಿಸಿದೆವು. ಎಲೆ ಅರ್ಧ ಹಸಿರು. ಹಾಲು ಹಾಕಿ ಕುದಿಸಿದರೆ ಬಣ್ಣವಿಲ್ಲ, ಖಡಕ್ ಇಲ್ಲ, ಬರೀ ಒಗರು. ಮೋಸ ಹೋದೆವೇ?
– ಓದುಗರೊಬ್ಬರು, ಹಾಸನ

ಉತ್ತರ: ಹಸಿರು ಮೋಸದ ಗುರುತಲ್ಲ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಕೊಯ್ದ ಮೊದಲ ಚಿಗುರನ್ನು ಚೆನ್ನಾಗಿ ಬಾಡಿಸುತ್ತಾರೆ. ನೀರಿನಂಶ ಅಷ್ಟು ಆರಿದ ಎಲೆಯಲ್ಲಿ ಆಕ್ಸಿಡೀಕರಣ (ಗಾಳಿ ತಾಗಿ ಎಲೆ ಕಂದು ಬಣ್ಣಕ್ಕೆ ತಿರುಗುವುದು) ಅರ್ಧಕ್ಕೇ ನಿಲ್ಲುತ್ತದೆ, ಹಸಿರು ಉಳಿಯುತ್ತದೆ. ತೋಟಗಳಿರುವುದು ಸುಮಾರು 600ರಿಂದ 2,000 ಮೀಟರ್ ಎತ್ತರದಲ್ಲಿ. ಚಳಿಗೆ ಚಿಗುರು ನಿಧಾನ, ಇಳುವರಿ ಕಡಿಮೆ, ಪರಿಮಳ ಹೆಚ್ಚು. ಬಹುಪಾಲು ಸಣ್ಣೆಲೆಯ ಚೀನಾ ತಳಿ. ಮನೆಯ ಖಡಕ್ ಟೀ ಸಾಮಾನ್ಯವಾಗಿ ಅಸ್ಸಾಂ ತಳಿಯ ಸಿಟಿಸಿ (ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿದ) ಪುಡಿಯದು. ಅದರ ಕೆಲಸವನ್ನು ಇದರಿಂದ ಮಾಡಿಸಿದರೆ ದುಡ್ಡು ದಂಡ: ಹಾಲಿನಲ್ಲಿ ಹೂವಿನಂಥ ಪರಿಮಳ ಮುಚ್ಚಿಹೋಗುತ್ತದೆ, ಕುದಿತಕ್ಕೆ ಒಗರಷ್ಟೇ ಇಳಿಯುತ್ತದೆ.

200 ಮಿ.ಲೀ. ನೀರಿಗೆ 2.5 ಗ್ರಾಂ ಎಲೆ. ಎಲೆ ಹಗುರ, ಚಮಚದ ಅಳತೆ ನಂಬಬೇಡಿ, ತೂಗಿ. ನೀರು ಕುದಿದ ಮೇಲೆ ಒಲೆಯಿಂದಿಳಿಸಿ, 90 ಡಿಗ್ರಿಗೆ ಇಳಿದಾಗ ಎಲೆಯ ಮೇಲೆ ಸುರಿದು ಮುಚ್ಚಿಡಿ. 3 ನಿಮಿಷಕ್ಕೆ ಒಂದು ಹನಿಯೂ ಉಳಿಯದಂತೆ ಸೋಸಿ. ಉಳಿದ ನೀರಿನಲ್ಲಿ ನೆನೆದ ಎಲೆ ಎರಡನೇ ಲೋಟವನ್ನು ಕೆಡಿಸುತ್ತದೆ. ಬೋರ್‌ವೆಲ್‌ನ ಗಡುಸು ನೀರಿನಲ್ಲಿ ಬಣ್ಣ ಮಂಕಾಗಿ ಮೇಲೆ ಪೊರೆ ಕಟ್ಟುತ್ತದೆ, ಫಿಲ್ಟರ್ ನೀರೇ ಸರಿ. ಸಕ್ಕರೆ ನಿಮ್ಮಿಷ್ಟ, ಏಲಕ್ಕಿ ಬೇಡವೇ ಬೇಡ.

ಹಾಲು ಬೇಕೇ ಬೇಕೆಂದರೆ ಮೇ–ಜೂನ್‌ನ ಸೆಕೆಂಡ್ ಫ್ಲಶ್ ಕೊಳ್ಳಿ. ಬಣ್ಣ ಗಾಢ, ಎರಡು ಚಮಚ ಹಾಲನ್ನು ತಡೆದುಕೊಳ್ಳುತ್ತದೆ.

ಅಸಲಿಯೇ ಎಂಬ ಅನುಮಾನವಿದ್ದರೆ ಪೊಟ್ಟಣದ ಮೇಲೆ ಟೀ ಬೋರ್ಡ್‌ನ ಡಾರ್ಜಿಲಿಂಗ್ ಮುದ್ರೆ, ತೋಟದ ಹೆಸರು, ಕೊಯ್ಲಿನ ವರ್ಷ ನೋಡಿ.