ಸಂಜೆ ಅರಳುವ ಈ ಗಿಡ ಯಾವುದು?

ಪ್ರಶ್ನೆ: ಪಾತಿಯಲ್ಲಿ ತಾನಾಗಿ ಹುಟ್ಟಿದ ಗಿಡವೊಂದು ಸೊಂಟದೆತ್ತರ ಬೆಳೆದಿದೆ. ಹೂ ಸಂಜೆ ಅರಳಿ ಬೆಳಿಗ್ಗೆ ಮುದುಡುತ್ತದೆ. ಒಂದೇ ಗಿಡದಲ್ಲಿ ಹಳದಿ ಹೂವೂ ಇದೆ, ಗುಲಾಬಿ ಗೆರೆಯದೂ ಇದೆ. ಬೀಜ ನೋಡಲು ಕರಿಮೆಣಸು. ಇದು ಯಾವ ಗಿಡ? ಬೀಜ ಹಾಕಿದರೆ ಇದೇ ಬಣ್ಣ ಬರುತ್ತದೆಯೇ?

ಉತ್ತರ: ಗುರುತುಗಳೆಲ್ಲ ಸಂಜೆಮಲ್ಲಿಗೆಯವು. ಸಸ್ಯಶಾಸ್ತ್ರದಲ್ಲಿ ಮಿರಾಬಿಲಿಸ್ ಜಲಾಪ. ಬೋಗನ್‌ವಿಲ್ಲಾದ ಕುಟುಂಬಕ್ಕೆ ಸೇರಿದ್ದು. ಅನುಮಾನವಿದ್ದರೆ ಕಾಂಡ ನೋಡಿ: ಗೆಣ್ಣು ಊದಿರುತ್ತದೆ, ಎಲೆಗಳು ಎದುರುಬದುರಾಗಿರುತ್ತವೆ. ಹೂ ಉದುರಿದ ಮೇಲೆ ಐದು ಸೀಳಿನ ಹಸಿರು ಬಟ್ಟಲಲ್ಲಿ ಒಂದೇ ಒಂದು ಬೀಜ ಕೂತಿರುತ್ತದೆ. ಒಡೆದರೆ ಒಳಗೆ ಬಿಳಿ ಹಿಟ್ಟು.

ಬಣ್ಣದ ಭರವಸೆ ಕೊಡಲಾಗದು. ಕೆಂಪು ಮತ್ತು ಬಿಳಿ ಹೂವಿನ ಗಿಡಗಳು ಬೆರೆತರೆ ಗುಲಾಬಿ ಬರುತ್ತದೆ. ಆ ಗುಲಾಬಿಯದೇ ಬೀಜ ಬಿತ್ತಿದರೆ ಸರಾಸರಿ ನಾಲ್ಕರಲ್ಲಿ ಒಂದು ಕೆಂಪು, ಎರಡು ಗುಲಾಬಿ, ಒಂದು ಬಿಳಿ. ಗೆರೆಯ ಹೂವಿನ ಬೀಜವನ್ನಂತೂ ನಂಬುವಂತಿಲ್ಲ. ಈ ಗಿಡವೇ ಬೇಕೆಂದರೆ ಗಡ್ಡೆಯನ್ನು ಉಳಿಸಿಕೊಳ್ಳುವುದೇ ಸರಿ. ಮೇಲಿನ ಭಾಗ ಒಣಗಿದರೂ ಗಡ್ಡೆ ಮತ್ತೆ ಚಿಗುರುತ್ತದೆ. ಹಿಮ ಬೀಳುವ ಕಡೆ ಮಾತ್ರ ಅದನ್ನು ಅಗೆದು ಒಣ ಮರಳಲ್ಲಿಡಬೇಕು.

ಬಿತ್ತುವುದಾದರೆ ಪೂರ್ತಿ ಕಪ್ಪಾಗಿ, ಮುಟ್ಟಿದರೆ ಉದುರುವ ಬೀಜ ಆರಿಸಿ. ಹಸಿರು ಬೀಜ ಹುಟ್ಟುವುದಿಲ್ಲ. ಒಂದು ರಾತ್ರಿ ನೆನೆಸಿ, 1 ಸೆಂ.ಮೀ. ಆಳಕ್ಕೆ ಊರಿ, ಒಂದೆರಡು ವಾರದಲ್ಲಿ ಮೊಳಕೆ ಬರುತ್ತದೆ. ನಾಲ್ಕು ಎಲೆ ಆಗುವಷ್ಟರಲ್ಲಿ ಕಿತ್ತು ನೆಟ್ಟುಬಿಡಿ. ತಡವಾದರೆ ತಾಯಿಬೇರು ಮುರಿದು ಸಸಿ ಸೊರಗುತ್ತದೆ. ಗಿಡದಿಂದ ಗಿಡಕ್ಕೆ 45–60 ಸೆಂ.ಮೀ. ಅಂತರವಿರಲಿ. ಕುಂಡವಾದರೆ ಕನಿಷ್ಠ 30 ಸೆಂ.ಮೀ. ಆಳದ್ದು, ತಳದಲ್ಲಿ ನೀರು ಹರಿದುಹೋಗುವಂಥದ್ದು ಬೇಕು. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಬೇಕು. ಗಿಡ ಸೊಂಪಾಗಿದ್ದೂ ಹೂವಿಲ್ಲವೆಂದರೆ ನೆರಳು ಹೆಚ್ಚಾಗಿದೆ, ಇಲ್ಲವೇ ಯೂರಿಯಾದಂಥ ಸಾರಜನಕದ ಗೊಬ್ಬರ ಅತಿಯಾಗಿದೆ. ಸಾಧಾರಣ ಮಣ್ಣಿಗೆ ಒಂದು ಹಿಡಿ ಕಾಂಪೋಸ್ಟ್ ಸಾಕು.

ಹಬ್ಬುವುದನ್ನು ತಡೆಯಲು ಬೀಜ ಕಪ್ಪಾಗುವ ಮುಂಚೆಯೇ ಕೀಳಿ. ದೊಡ್ಡ ಗಿಡವನ್ನು ಎಳೆದರೆ ಕಾಂಡವಷ್ಟೇ ಕೈಗೆ ಬರುತ್ತದೆ, ಆದ್ದರಿಂದ ಮಣ್ಣು ನೆನೆಸಿ ಗಡ್ಡೆ ಸಮೇತ ಅಗೆಯಬೇಕು.

ಬೀಜ, ಬೇರು ಎರಡೂ ವಿಷ. ತಿಂದರೆ ವಾಂತಿ, ಭೇದಿ ಆಗುತ್ತದೆ. ಮೆಣಸಿನಂತೆ ಕಾಣುವುದರಿಂದ ಕೂಡಿಟ್ಟ ಬೀಜವನ್ನು ಅಡುಗೆಮನೆಯಲ್ಲಿ ಇಡಲೇಬೇಡಿ. ಹೆಸರು ಬರೆದ ಲಕೋಟೆಯಲ್ಲಿ ಹಾಕಿ, ಮಕ್ಕಳ ಕೈಗೆಟುಕದ ಕಡೆ ಇಡಿ.